ಮೊದಲ ಫೋಟೋಗ್ರಫಿ ಪುಸ್ತಕ ಕೊಳ್ಳುವ ಮುನ್ನ ಹತ್ತು ಕೆಟ್ಟ ಫೋಟೋ ತೆಗೆದಿಡಿ

ಕಳೆದ ದೀಪಾವಳಿಗೆ ಅಕ್ಕನ ಮಗ ಬೋನಸ್ ದುಡ್ಡಲ್ಲಿ ಕ್ಯಾಮೆರಾ ಕೊಂಡ. ಸಣ್ಣ ಮಿರರ್‌ಲೆಸ್, ಜೊತೆಗೆ 18-55 ಮಿ.ಮೀ. ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಜೂಮ್ ಲೆನ್ಸ್). ಹದಿನೈದು ದಿನಕ್ಕೆ ಫೋನ್ ಬಂತು.

"ಮಾಮ, ಫೋಟೋಗ್ರಫಿ ಕಲಿಯೋಕೆ ಒಂದೊಳ್ಳೆ ಪುಸ್ತಕ ಹೇಳಿ. ಆನ್‌ಲೈನ್‌ನಲ್ಲಿ ನೂರಾರು ಇದಾವೆ. ಎಲ್ಲಕ್ಕೂ ನಾಲ್ಕೂವರೆ ಸ್ಟಾರ್!"

"ಪುಸ್ತಕ ಆಮೇಲೆ ಕಣೋ. ನೀನು ತೆಗೆದಿರೋದ್ರಲ್ಲಿ ತೀರಾ ಕೆಟ್ಟದಾಗಿರೋ ಹತ್ತು ಫೋಟೋ ಮೊದಲು ಕಳಿಸು."

"ಕೆಟ್ಟದ್ದಾ? ಅವನ್ನೆಲ್ಲ ಡಿಲೀಟ್ ಮಾಡ್ಬಿಟ್ಟೆನಲ್ಲ ಮಾಮ."

ಎಲ್ಲರೂ ಮಾಡುವುದು ಇದನ್ನೇ. ಚೆನ್ನಾಗಿ ಬಂದದ್ದು ಸ್ಟೇಟಸ್‌ಗೆ ಹೋಗುತ್ತದೆ, ಕೆಟ್ಟದ್ದು ಕಸಕ್ಕೆ. ಆದರೆ ಪುಸ್ತಕದ ಅಂಗಡಿಗೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಆ ಕೆಟ್ಟ ಫೋಟೋಗಳೇ. ಡಾಕ್ಟರ ಹತ್ತಿರ ಹೋಗಿ "ಒಂದು ಒಳ್ಳೆ ಮಾತ್ರೆ ಕೊಡಿ" ಅಂತ ಯಾರಾದರೂ ಕೇಳುತ್ತಾರಾ? ಎಲ್ಲಿ ನೋವು ಅಂತ ಹೇಳಬೇಕು ತಾನೇ.

ಇದು ನನಗೆ ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ. 2009ರಲ್ಲಿ ನಾನು ಕೊಂಡ ಮೊದಲ ಪುಸ್ತಕ ಇಟ್ಟಿಗೆಯಷ್ಟು ಭಾರ ಇತ್ತು. ಹೊಳೆಯುವ ಕಾಗದ, ಹಿಮದ ಬೆಟ್ಟ, ಲೈಟ್‌ಹೌಸ್, ಕೆಂಪು ಕೊಡೆ ಹಿಡಿದ ಹುಡುಗಿ. ಮೊದಲ ಅರವತ್ತು ಪುಟ ಯಾವ ಕ್ಯಾಮೆರಾ ಕೊಳ್ಳಬೇಕು ಅಂತ. ನನ್ನ ಹತ್ತಿರ ಆಗಲೇ ಕ್ಯಾಮೆರಾ ಇತ್ತು. ಕೊನೆಯ ನೂರಿಪ್ಪತ್ತು ಪುಟ ಒಂದು ಸಾಫ್ಟ್‌ವೇರ್ ಬಗ್ಗೆ. ಅದರ ಮುಂದಿನ ಆವೃತ್ತಿ ಬಂದಾಗ ಮೆನುಗಳೇ ಬದಲಾದವು. ತಮ್ಮನ ಮಗಳ ನಾಮಕರಣದಲ್ಲಿ ನಾನು ತೆಗೆದ ಎಲ್ಲ ಫೋಟೋನೂ ಯಾಕೆ ಅಲುಗಾಡಿದವು ಅನ್ನುವುದಕ್ಕೆ ಮಾತ್ರ ಅದರಲ್ಲಿ ಉತ್ತರ ಇರಲಿಲ್ಲ. ಇದ್ದರೂ ನನಗೆ ಸಿಗಲಿಲ್ಲ.

ಹೆಜ್ಜೆ 1: ಕೆಟ್ಟ ಫೋಟೋಗಳ ಪಂಚನಾಮೆ

ಒಂದು ವಾರ ಏನನ್ನೂ ಅಳಿಸಬೇಡಿ. ಮನೆ, ಬೀದಿ, ಯಾರದೋ ಆರತಕ್ಷತೆ, ಎಲ್ಲಿ ಹೋದರೂ ತೆಗೆಯಿರಿ. ವಾರದ ಕೊನೆಗೆ ಹತ್ತು ಕೆಟ್ಟದ್ದನ್ನು ಆರಿಸಿ. ಒಂದೊಂದರ ಮುಂದೆಯೂ ಏನು ಕೆಟ್ಟಿದೆ ಅಂತ ನಿಮ್ಮದೇ ಮಾತಲ್ಲಿ ಬರೆಯಿರಿ. "ಅಜ್ಜಿ ಕಿಟಕಿ ಮುಂದೆ ಕೂತಿದ್ದರು, ಮುಖ ಕಪ್ಪು." "ಪಂಚೆ ಬೂದಿ ಬಣ್ಣಕ್ಕೆ ಬಂದಿದೆ." "ಹಿಂದಿನ ಕರೆಂಟ್ ಕಂಬ ಚಿಕ್ಕಪ್ಪನ ತಲೆಯಿಂದ ಎದ್ದ ಹಾಗಿದೆ." "ಚಂದ್ರ ಬಿಳಿ ಬೊಟ್ಟು." ಸಾಕು, ಪಾರಿಭಾಷಿಕ ಪದ ಬೇಡ.

ಅದರ ಪಕ್ಕದಲ್ಲಿ ಮೂರು ಅಂಕಿ ಬರೆಯಿರಿ: ಅಪರ್ಚರ್ (ಲೆನ್ಸ್‌ನ ಕಿಂಡಿ ಎಷ್ಟು ತೆರೆದಿದೆ), ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಒಳಗೆ ಬಿಟ್ಟಿದೆ), ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸುತ್ತದೆ). ಕ್ಯಾಮೆರಾದಲ್ಲಿ ಫೋಟೋ ನೋಡುವಾಗ ಇನ್ಫೋ ಅಥವಾ ಡಿಸ್ಪ್ ಅಂತ ಇರುವ ಬಟನ್ ಒತ್ತಿದರೆ ಕಾಣುತ್ತವೆ. ಫೋನಿನಲ್ಲಾದರೆ ಫೋಟೋದ ಡೀಟೇಲ್ಸ್‌ನಲ್ಲಿ ಇರುತ್ತವೆ.

ಹುಡುಗ ಮತ್ತೆ ತೆಗೆದು ಕಳಿಸಿದ ಹತ್ತರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಅವನ ತಂಗಿಯ ಮಗು, ಅಜ್ಜಿಯ ತೊಡೆ ಮೇಲೆ. ಸಂಜೆ, ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್. ಮಗುವಿನ ಕೈ ಹೊಗೆಯ ಹಾಗೆ ಕಾಣುತ್ತಿದೆ. ಅಂಕಿಗಳು: ಅಪರ್ಚರ್ ಎಫ್/5.6, ಶಟರ್ 1/13 ಸೆಕೆಂಡ್, ಐಎಸ್‌ಒ 400, ಲೆನ್ಸ್ ಪೂರ್ತಿ 55ಕ್ಕೆ ಎಳೆದಿದೆ.

ಕೈಯಲ್ಲಿ ಹಿಡಿದು ತೆಗೆಯುವಾಗ ಹಳೆಯ ಲೆಕ್ಕ ಒಂದಿದೆ. ಲೆನ್ಸ್ ಎಷ್ಟು ಮಿ.ಮೀ.ನಲ್ಲಿದೆಯೋ ಶಟರ್ ಸ್ಪೀಡ್ ಕನಿಷ್ಠ ಸೆಕೆಂಡಿನ ಅಷ್ಟನೇ ಒಂದು ಭಾಗ ಇರಬೇಕು. ಸಣ್ಣ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) ಕ್ಯಾಮೆರಾ ಆದ್ದರಿಂದ ಒಂದೂವರೆಯಿಂದ ಗುಣಿಸಿ. 55 ಒಂದೂವರೆ ಸಲ ಅಂದರೆ ಸುಮಾರು 80. ಅಂದರೆ 1/80. ಅದು ನಮ್ಮ ಕೈ ನಡುಕಕ್ಕೆ ಮಾತ್ರ. ಮಗು ಕೈ ಬೀಸುತ್ತಿದ್ದರೆ 1/200 ಆದರೂ ಬೇಕು. ಎಲ್ಲಿಂದ ತರುವುದು? ಐಎಸ್‌ಒ ದುಪ್ಪಟ್ಟು ಮಾಡಿದ ಹಾಗೆಲ್ಲ ಶಟರ್ ಕೂಡ ದುಪ್ಪಟ್ಟು ವೇಗ ಮಾಡಬಹುದು. 400ರಿಂದ 800 ಆದರೆ 1/25. 1600 ಆದರೆ 1/50. 3200ಕ್ಕೆ 1/100. 6400ಕ್ಕೆ 1/200. ಬಂತಲ್ಲ! ಫೋಟೋದಲ್ಲಿ ಸ್ವಲ್ಪ ಕಾಳುಕಾಳು ಕಾಣಬಹುದು. ಪರವಾಗಿಲ್ಲ, ಮಗುವಿನ ಬೆರಳಂತೂ ಎಣಿಸಬಹುದು.

ಈ ಐದು ಸಾಲಿನ ಲೆಕ್ಕವನ್ನು ನೀವೇ ಹಾಕುವ ಹಾಗೆ ಮಾಡುವ ಪುಸ್ತಕವೇ ನಿಮ್ಮ ಮೊದಲ ಪುಸ್ತಕ. ಉಳಿದದ್ದೆಲ್ಲ ಆಮೇಲೆ.

ಈಗ ಹತ್ತನ್ನೂ ಗುಂಪು ಮಾಡಿ. ಬೆಳಕು ಕೆಟ್ಟದ್ದು, ಅಲುಗಾಡಿದ್ದು, ಫೋಕಸ್ ಬೇರೆ ಕಡೆ ಹೋದದ್ದು, ಬಣ್ಣ ಕೆಟ್ಟದ್ದು, ಚೌಕಟ್ಟು ಕೆಟ್ಟದ್ದು. ಅಕ್ಕನ ಮಗನ ಹತ್ತರಲ್ಲಿ ಬೆಳಕು ಮತ್ತು ಶಟರ್‌ನ ತಪ್ಪೇ ಆರು.

ಹೆಜ್ಜೆ 2: ಯಾವ ಜಾತಿಯ ಪುಸ್ತಕ

ಅಂಗಡಿಯಲ್ಲಿ ಎಲ್ಲವೂ ಒಂದೇ ಕಪಾಟಿನಲ್ಲಿ ಇರುತ್ತವೆ. ಒಳಗಿನ ಸರಕು ಬೇರೆ ಬೇರೆ.

ಒಂದು, ನಿಮ್ಮದೇ ಮಾಡೆಲ್ ಹೆಸರು ಹೊತ್ತ ಪುಸ್ತಕ. ಬಟನ್ ಎಲ್ಲಿ, ಮೆನು ಎಲ್ಲಿ ಅಂತ ಹೇಳುತ್ತದೆ. ಇದಕ್ಕೆ ದುಡ್ಡು ಕೊಡಬೇಡಿ ಅಂತ ನನ್ನ ಸಲಹೆ. ನಿಕಾನ್, ಕ್ಯಾನನ್, ಸೋನಿ ಎಲ್ಲರೂ ಮ್ಯಾನುಯಲ್‌ಗಳನ್ನು ತಮ್ಮ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಕೊಡುತ್ತಾರೆ. ಓದಲು ಬೋರು, ನಿಜ. ಆದರೂ ಬಟನ್ ಹುಡುಕಲು ಅದು ಸಾಕು.

ಎರಡು, ಎಕ್ಸ್‌ಪೋಷರ್ (ಫೋಟೋಗೆ ಎಷ್ಟು ಬೆಳಕು ಬೀಳಬೇಕು ಅನ್ನುವ ಲೆಕ್ಕ), ಫೋಕಸ್, ಬೆಳಕು ಎಲ್ಲವನ್ನೂ ಅಡಿಪಾಯದಿಂದ ಹೇಳುವ ಸಾಮಾನ್ಯ ಪುಸ್ತಕ. ಮೊದಲ ಸಲಕ್ಕೆ ಮುಕ್ಕಾಲು ಪಾಲು ಜನಕ್ಕೆ ಬೇಕಾದದ್ದು ಇದೇ.

ಮೂರು, ಕಾಂಪೋಸಿಷನ್ ಪುಸ್ತಕ. ಚೌಕಟ್ಟಿನಲ್ಲಿ ಏನು ಇಡಬೇಕು, ಏನು ಬಿಡಬೇಕು ಅನ್ನುವುದು ಇದರ ವಿಷಯ. ನಿಮ್ಮ ಹತ್ತರಲ್ಲಿ ಏಳು ಕರೆಂಟ್ ಕಂಬದ ಗುಂಪಿನವಾದರೆ ನೇರ ಇಲ್ಲಿಗೆ ಬನ್ನಿ. ನಾಲ್ಕು, ಎಡಿಟಿಂಗ್ ಸಾಫ್ಟ್‌ವೇರ್ ಪುಸ್ತಕ. ಇದನ್ನು ಒಂದು ವರ್ಷ ಮುಟ್ಟಬೇಡಿ.

ಫೋನಿನಲ್ಲೇ ಫೋಟೋ ತೆಗೆಯುವವರಿಗೆ ಒಂದು ಮಾತು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕಾಗುವುದು ಬಹುಪಾಲು ಸಾಫ್ಟ್‌ವೇರ್‌ನ ಕೆಲಸ. ಹಾಗಾಗಿ ಅಪರ್ಚರ್ ಬಗ್ಗೆ ಮೂರು ಅಧ್ಯಾಯ ಇರುವ ಪುಸ್ತಕ ತಂದು ಏನು ಮಾಡುತ್ತೀರಿ? ಬೆಳಕು ಮತ್ತು ಚೌಕಟ್ಟಿನ ಬಗ್ಗೆ ಜಾಸ್ತಿ ಮಾತಾಡುವ ಪುಸ್ತಕ ಆರಿಸಿ. ಅದು ನಾಳೆ ಕ್ಯಾಮೆರಾ ಕೊಂಡರೂ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಇಸವಿ ನೋಡಿ, ಆದರೆ ಸರಿಯಾದ ಇಸವಿ ನೋಡಿ

ಮುದ್ರಣದ ವಿವರ ಇರುವ ಪುಟ ತೆಗೆಯಿರಿ. ಅಲ್ಲಿ ಎರಡು ಬೇರೆ ಮಾತುಗಳಿರುತ್ತವೆ. ಮರುಮುದ್ರಣ ಅಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. ಪರಿಷ್ಕೃತ ಆವೃತ್ತಿ ಅಂದರೆ ತಿದ್ದಿದ್ದು. 2008ರ ಪುಸ್ತಕ 2022ರಲ್ಲಿ ಮರುಮುದ್ರಣ ಆಗಿದ್ದರೆ ಅದು 2008ರ ಪುಸ್ತಕವೇ. ಈ ಒಂದು ಸಾಲಿನಲ್ಲಿ ಎಷ್ಟೋ ಜನ ಏಮಾರುತ್ತಾರೆ.

ಹಾಗಂತ ಹಳೆಯದೆಲ್ಲ ದಂಡ ಅಲ್ಲ. ಬೇಗ ಹಳಸುವುದು ಕ್ಯಾಮೆರಾ ಕೊಳ್ಳುವ ಅಧ್ಯಾಯ, ಮೆಮೊರಿ ಕಾರ್ಡ್, ಸಾಫ್ಟ್‌ವೇರ್. ಫೋಟೋ ತಿದ್ದುವ ಸಾಫ್ಟ್‌ವೇರ್, ಅಡೋಬಿಯ ಲೈಟ್‌ರೂಮ್ ಬಂದದ್ದು 2007ರಲ್ಲಿ. 2017ರಲ್ಲಿ ಅದು ಲೈಟ್‌ರೂಮ್ ಮತ್ತು ಲೈಟ್‌ರೂಮ್ ಕ್ಲಾಸಿಕ್ ಅಂತ ಎರಡಾಯಿತು. ಅದಕ್ಕೂ ಹಿಂದಿನ ಪುಸ್ತಕ ಹಿಡಿದು ಇಂದಿನ ಪರದೆ ಮುಂದೆ ಕೂತರೆ ತಲೆ ಕೆಡುತ್ತದೆ. ಹಾಗೇ ಹಳೇ ಪುಸ್ತಕಗಳು "ಐಎಸ್‌ಒ 800 ದಾಟಬೇಡಿ" ಅಂತ ಹೆದರಿಸುತ್ತವೆ. ಆಗಿನ ಸೆನ್ಸರ್‌ಗೆ ಅದು ಸರಿಯಾದ ಮಾತು. ಈಗಿನ ಕ್ಯಾಮೆರಾದಲ್ಲಿ 3200 ಆರಾಮಾಗಿ ನಡೆಯುತ್ತದೆ. ಆ ಮಾತು ಕೇಳಿದ್ದರೆ ನಮ್ಮ ಮಗುವಿನ ಫೋಟೋ ಇವತ್ತಿಗೂ ಹೊಗೆಯೇ.

ಹಳಸದೇ ಇರುವುದು ಬೆಳಕು ಮತ್ತು ಎಕ್ಸ್‌ಪೋಷರ್. ಬ್ರಯಾನ್ ಪೀಟರ್ಸನ್ ಎಕ್ಸ್‌ಪೋಷರ್ ಬಗ್ಗೆ ಬರೆದ ಹೆಸರಾಂತ ಇಂಗ್ಲಿಷ್ ಪುಸ್ತಕ ಮೊದಲು ಬಂದದ್ದು 1990ರಲ್ಲಿ, ಫಿಲ್ಮ್ ರೀಲ್ ಕಾಲದಲ್ಲಿ. ಡಿಜಿಟಲ್ ಬಂದ ಮೇಲೂ ಅದೇ ಪುಸ್ತಕ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇತ್ತು. 2016ರಲ್ಲಿ ನಾಲ್ಕನೆಯದು ಬಂತು. ಒಳಗಿನ ಕ್ಯಾಮೆರಾ ಬದಲಾಯಿತು, ಬೆಳಕಿನ ಲೆಕ್ಕ ಬದಲಾಗಲಿಲ್ಲ.

ಹೆಜ್ಜೆ 4: ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಹತ್ತು ನಿಮಿಷ ಸಾಕು. ಮುನ್ನುಡಿ ಓದಬೇಡಿ, ಎಲ್ಲ ಮುನ್ನುಡಿಗಳೂ ಚೆನ್ನಾಗಿಯೇ ಇರುತ್ತವೆ.

ಮೊದಲು ಅಪರ್ಚರ್ ಪುಟ ತೆಗೆಯಿರಿ. ಹೊಸಬರಿಗೆ ಎಲ್ಲರಿಗೂ ಇಲ್ಲೇ ಕಾಲು ಜಾರುವುದು. ಅಂಕಿ ದೊಡ್ಡದಾದರೆ ಕಿಂಡಿ ಸಣ್ಣದಾಗುತ್ತದೆ ಅಂತ ಪುಸ್ತಕ ಹೇಳಿ ಸುಮ್ಮನಾದರೆ ಅದು ಬಾಯಿಪಾಠ ಮಾಡಿಸುವ ಪುಸ್ತಕ. ಯಾಕೆ ಅಂತ ಹೇಳಬೇಕು. ಆ ಅಂಕಿ ಒಂದು ಭಾಗಾಕಾರ, ಅಷ್ಟೇ. 50 ಮಿ.ಮೀ. ಲೆನ್ಸ್ ಎಫ್/2ರಲ್ಲಿದ್ದರೆ ಕಿಂಡಿಯ ಅಗಲ 50 ಭಾಗಿಸು 2, ಅಂದರೆ 25 ಮಿ.ಮೀ. ಎಫ್/16ರಲ್ಲಿದ್ದರೆ 50 ಭಾಗಿಸು 16, ಸುಮಾರು 3 ಮಿ.ಮೀ. ಒಂದು ಹಳ್ಳಿ ಮನೆಯ ಬೆಳಕಿಂಡಿ, ಇನ್ನೊಂದು ಹೆಂಚಿನ ತೂತು. ಇದನ್ನು ಒಂದು ಚಿತ್ರದಲ್ಲಿ ತೋರಿಸಿದ ಪುಸ್ತಕ ಸಿಕ್ಕರೆ ಕೆಳಗಿಡಬೇಡಿ.

ಆಮೇಲೆ ಫೋಟೋಗಳನ್ನು ನೋಡಿ. ಒಂದೇ ದೃಶ್ಯವನ್ನು ಎರಡು ಮೂರು ರೀತಿ ತೆಗೆದು ಪಕ್ಕಪಕ್ಕ ಇಟ್ಟಿದ್ದಾರಾ? ಎಫ್/2.8, ಎಫ್/8, ಎಫ್/16? ಅಥವಾ 1/15 ಮತ್ತು 1/500? ಲೇಖಕ ತನ್ನದೇ ಹಾಳಾದ ಫೋಟೋ ಒಂದಾದರೂ ಹಾಕಿದ್ದಾನಾ? ಹಾಕಿದ್ದರೆ ಅವನು ಮೇಷ್ಟ್ರು. ಬರೀ ಅದ್ಭುತ ಫೋಟೋಗಳೇ ಇದ್ದರೆ ಅದು ಅವನ ಮದುವೆ ಆಲ್ಬಮ್ ಇದ್ದ ಹಾಗೆ, ನೋಡಿ ವಾಪಸ್ ಕೊಡಿ. ಫೋಟೋದ ಕೆಳಗೆ ಅಂಕಿಗಳನ್ನು ಹಾಕಿರುವುದು ಒಳ್ಳೆಯದೇ. ಆದರೆ ಆ ಅಂಕಿ ಯಾಕೆ ಆರಿಸಿದ ಅಂತ ಒಂದು ಸಾಲು ಇಲ್ಲದಿದ್ದರೆ ಅದು ಲಾಟರಿ ನಂಬರ್‌ಗೆ ಸಮ.

ಕೊನೆಗೆ ಪದಸೂಚಿ. ನಿಮ್ಮ ಪಟ್ಟಿ ಹೊರತೆಗೆಯಿರಿ. ಅಜ್ಜಿಯ ಮುಖ ಕಪ್ಪಾಗಿದ್ದಕ್ಕೆ ಬ್ಯಾಕ್‌ಲೈಟ್ (ಹಿಂದಿನಿಂದ ಬರುವ ಬೆಳಕು) ಅಥವಾ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವುದು) ಹುಡುಕಿ. ಬಿಳಿ ಗೋಡೆ ಹಳದಿಯಾಗಿ ಬಂದಿದ್ದರೆ ವೈಟ್ ಬ್ಯಾಲೆನ್ಸ್ (ಬಣ್ಣ ಸರಿ ಮಾಡುವ ಸೆಟ್ಟಿಂಗ್). ಬಿಳಿ ಬೊಟ್ಟಾದ ಚಂದ್ರನಿಗೆ ಮೂನ್ ಅಥವಾ ಮ್ಯಾನುಯಲ್ ಮೋಡ್. ಹತ್ತರಲ್ಲಿ ಆರಕ್ಕಾದರೂ ಪುಟ ಸಿಗಬೇಕು. ಸಿಕ್ಕ ಪುಟ ತೆಗೆದು ಓದಿ. ಓದಿದ ಕೂಡಲೇ "ಓ, ಮನೆಗೆ ಹೋಗಿ ಮಾಡಿ ನೋಡಬೇಕು" ಅನ್ನಿಸಿತಾ? ಇಲ್ಲಾಂದ್ರೆ ಮುಂದಿನ ಪುಸ್ತಕ. ಪದಸೂಚಿಯೇ ಇಲ್ಲದ ಪುಸ್ತಕವನ್ನು ನಾನಂತೂ ಕೊಳ್ಳುವುದಿಲ್ಲ.

ಹೆಜ್ಜೆ 5: ಪುಸ್ತಕದ ಊರು ಯಾವುದು

ನಮಗೆ ಸಿಗುವ ಹೆಚ್ಚಿನ ಪುಸ್ತಕಗಳು ಅಮೆರಿಕ, ಇಂಗ್ಲೆಂಡ್‌ನಲ್ಲಿ ಬರೆದವು. ಬೈದುಕೊಳ್ಳುವುದು ಬೇಡ, ಆದರೆ ಎಲ್ಲಿ ತಿದ್ದಿಕೊಂಡು ಓದಬೇಕು ಅಂತ ಗೊತ್ತಿರಲಿ.

ಟ್ಯೂಬ್‌ಲೈಟ್ ತಗೊಳ್ಳಿ. ಕಲ್ಯಾಣ ಮಂಟಪದಲ್ಲಿ ತೆಗೆದ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿರುವುದನ್ನು ನೋಡಿದ್ದೀರಾ? ನಮ್ಮ ಕರೆಂಟ್ 50 ಹರ್ಟ್ಜ್. ಹಾಗಾಗಿ ಹಳೇ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಶಟರ್ ಅನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಅಮೆರಿಕದ ಪುಸ್ತಕ 1/60 ಅಥವಾ 1/120 ಇಡಿ ಅನ್ನುತ್ತದೆ, ಯಾಕೆಂದರೆ ಅವರ ಕರೆಂಟ್ 60 ಹರ್ಟ್ಜ್. ಆ ಪುಸ್ತಕ ನಂಬಿ ನಮ್ಮ ಛತ್ರದಲ್ಲಿ ನಿಂತರೆ ಪಟ್ಟೆ ಹಾಗೇ ಉಳಿಯಬಹುದು. ಲೇಖಕ ಎರಡೂ ಅಂಕಿ ಹೇಳಿದ್ದರೆ ಅವನು ತನ್ನ ಊರು ಬಿಟ್ಟು ಹೊರಗೆ ಓಡಾಡಿದವನು ಅಂತ ಲೆಕ್ಕ.

"ಗೋಲ್ಡನ್ ಅವರ್" ಕೂಡ ಹಾಗೇ. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುನ್ನ ಒಂದು ಗಂಟೆ ಚಿನ್ನದ ಬೆಳಕು ಅಂತ ಬರೆದಿರುತ್ತಾರೆ. ಲಂಡನ್‌ನಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಏರುತ್ತಾನೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಹೆಚ್ಚುಕಡಿಮೆ ನೇರ ಮೇಲಕ್ಕೇ ಹೋಗುತ್ತಾನೆ. ಆ ಬೆಳಕು ಅರ್ಧ ಗಂಟೆ ಸಿಕ್ಕರೆ ಪುಣ್ಯ. ಕಾಫಿ ಕುಡಿದು ಹೋಗೋಣ ಅಂದರೆ ಮುಗಿದೇ ಹೋಗಿರುತ್ತದೆ.

ಇನ್ನು ಹಿಮದ ಅಧ್ಯಾಯ. ನಮಗ್ಯಾಕೆ ಹಿಮ ಅಂತ ಪುಟ ತಿರುಗಿಸಬೇಡಿ. ನಾನು ಹತ್ತು ವರ್ಷ ತಿರುಗಿಸಿದೆ, ತಪ್ಪು ಮಾಡಿದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಜಗತ್ತೆಲ್ಲ ನಡುವಿನ ಬೂದು ಬಣ್ಣವೇ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಅದನ್ನು ಎಳೆದು ಬೂದು ಮಾಡುತ್ತದೆ. ಹಿಮಕ್ಕೆ ಆಗುವುದೇ ಬಿಳಿ ಪಂಚೆ, ಬಿಳಿ ಶಲ್ಯ, ಸುಣ್ಣ ಬಳಿದ ಗೋಡೆಗೂ ಆಗುತ್ತದೆ. ಪ್ಲಸ್ 1 ಕಾಂಪನ್ಸೇಷನ್ ಕೊಟ್ಟರೆ ಪಂಚೆ ಮತ್ತೆ ಬಿಳಿ. ಎಮ್ಮೆಯ ಫೋಟೋಗೆ ಉಲ್ಟಾ: ಮೈನಸ್ 1. ಇಲ್ಲದಿದ್ದರೆ ಎಮ್ಮೆ ಬೂದಿ ಮೆತ್ತಿಕೊಂಡ ಹಾಗೆ ಬರುತ್ತದೆ.

ಮನುಷ್ಯರ ಫೋಟೋಗಳ ಅಧ್ಯಾಯದಲ್ಲಿ ಕಪ್ಪು, ಕಂದು ಮೈಬಣ್ಣದವರು ಇದ್ದಾರಾ ನೋಡಿ. ಬಿಳಿ ಚರ್ಮ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವ ಒಂದು ಮೆಟ್ಟಿಲು) ಬೆಳ್ಳಗೆ ಇರುತ್ತದೆ. ನಮ್ಮಲ್ಲಿ ಬಹಳಷ್ಟು ಜನರ ಬಣ್ಣ ಆ ಬೂದಿಯ ಆಸುಪಾಸಿನಲ್ಲೇ ಇದೆ. ಮುಖಕ್ಕೆ ಯಾವಾಗಲೂ ಪ್ಲಸ್ 1 ಕೊಡಿ ಅನ್ನುವ ಪುಸ್ತಕ ನಮ್ಮ ಅಜ್ಜಿಗೆ ಪೌಡರ್ ಬಳಿದುಬಿಡುತ್ತದೆ.

ಲೆನ್ಸ್ ಕಾಪಾಡುವ ಬಗ್ಗೆ ಇಂಥ ಪುಸ್ತಕಗಳು ಧೂಳು, ಚಳಿ ಅಂತ ಹೇಳಿ ಮುಗಿಸುತ್ತವೆ. ಮಲೆನಾಡು, ಕರಾವಳಿಯವರಿಗೆ ಶತ್ರು ಫಂಗಸ್. ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟ ಲೆನ್ಸ್ ಒಳಗೆ ಜೇಡರ ಬಲೆಯಂಥದ್ದು ಬೆಳೆದಿರುತ್ತದೆ. ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್, ಇದನ್ನು ನೀವೇ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಿ.

ಹೆಜ್ಜೆ 6: ಭಾಷೆ

ಕನ್ನಡದಲ್ಲಿ ಮೇಲಿನ ಪರೀಕ್ಷೆ ಪಾಸಾದ ಪುಸ್ತಕ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಆದರೆ ಒಂದು ನೋಡಿ: ಕ್ಯಾಮೆರಾ ಮೆನುವಿನ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬಳಸಿದ್ದಾರಾ, ಅಥವಾ ಪ್ರತಿಯೊಂದಕ್ಕೂ ಹೊಸ ಸಂಸ್ಕೃತ ಪದ ಕಟ್ಟಿದ್ದಾರಾ? ಎರಡನೆಯದಾದರೆ ಪುಸ್ತಕ ಒಂದು ಕೈಯಲ್ಲಿ, ನಿಘಂಟು ಇನ್ನೊಂದರಲ್ಲಿ. ಕ್ಯಾಮೆರಾ ಹಿಡಿಯಲು ಕೈಯೇ ಉಳಿಯುವುದಿಲ್ಲ. ಇಂಗ್ಲಿಷ್ ಪುಸ್ತಕವಾದರೆ ಯಾವುದೋ ಒಂದು ಪುಟ ಓದಿ. ಎರಡು ಸಲ ಓದಿದರೂ ತಿಳಿಯದ ವಾಕ್ಯ ಮೂರು ಸಿಕ್ಕರೆ ಬಿಡಿ. ತಪ್ಪು ನಿಮ್ಮದಲ್ಲ.

ಹೆಜ್ಜೆ 7: ಎಲ್ಲಿ, ಹೇಗೆ ಕೊಳ್ಳುವುದು

ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕಗಳ ಜೊತೆ ಅರ್ಧ ದಿನ ಕಳೆಯಬಹುದು. ಹೊಸದು ಬೇಕಾದರೆ ಗಾಂಧಿನಗರದ ಸಪ್ನಾ ಇದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ಸ್ಯಾಂಪಲ್ ಪುಟಗಳನ್ನು ತೆರೆದು ಇದೇ ಪರೀಕ್ಷೆ ಮಾಡಿ. ಐದು ಸ್ಟಾರ್‌ನ ಅಭಿಪ್ರಾಯ ಓದಬೇಡಿ, ಮೂರು ಸ್ಟಾರ್‌ನವರದ್ದು ಓದಿ. ಅವರು ಪುಸ್ತಕ ಪೂರ್ತಿ ಓದಿರುತ್ತಾರೆ.

ಫುಟ್‌ಪಾತ್ ಮೇಲಿನ ನಕಲಿ ಪ್ರತಿ ಬೇಡವೇ ಬೇಡ. ಅಲ್ಲಿ ಎಲ್ಲ ಫೋಟೋನೂ ಮಸಿ. ಒಂದು ಕತ್ತಲೆಯ ಫೋಟೋ ತೆಗೆದು ನೋಡಿ, ಕಪ್ಪು ಕೂದಲು ಮತ್ತು ಕಪ್ಪು ಗೋಡೆ ಬೇರೆ ಬೇರೆ ಕಾಣಬೇಕು. ಇ-ಪುಸ್ತಕ ಕೊಂಡರೆ ಟ್ಯಾಬ್‌ನಲ್ಲಿ ಓದಿ. ಕಪ್ಪು-ಬಿಳುಪಿನ ಇ-ಇಂಕ್ ರೀಡರ್‌ನಲ್ಲಿ ವೈಟ್ ಬ್ಯಾಲೆನ್ಸ್ ಅಧ್ಯಾಯ ಓದುವುದು ತಮಾಷೆಯಾಗಿರುತ್ತದೆ, ಅಷ್ಟೇ.

ಅಕ್ಕನ ಮಗನಿಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಪ್ರತಿ. ಹಿಂದಿನ ಯಜಮಾನರು ಶಟರ್ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: "ತಂಗಿ ಮದುವೆ, 1/15, ಎಲ್ಲ ಹಾಳು."

ಹೆಜ್ಜೆ 8: ಓದುವುದು

ಕಾದಂಬರಿಯ ಹಾಗೆ ಮಲಗಿ ಓದಿದರೆ ಒಂದೂ ತಲೆಗೆ ಹತ್ತುವುದಿಲ್ಲ. ಕ್ಯಾಮೆರಾ ಪಕ್ಕದಲ್ಲಿರಲಿ. ಒಂದು ವಾರಕ್ಕೆ ಒಂದೇ ಅಧ್ಯಾಯ. ಅಪರ್ಚರ್ ವಾರದಲ್ಲಿ ಕಿಟಕಿ ಪಕ್ಕ ಒಂದು ಹಿತ್ತಾಳೆ ಚೊಂಬು ಇಡಿ, ಅದರ ಹಿಂದೆ ಎರಡು ಅಡಿ ದೂರಕ್ಕೆ ಇನ್ನೊಂದು. ಮೊದಲ ಚೊಂಬಿಗೆ ಫೋಕಸ್ ಮಾಡಿ, ಲೆನ್ಸ್ 55ಕ್ಕೆ ಎಳೆದು, ಎಫ್/5.6ರಿಂದ ಎಫ್/22ರವರೆಗೆ ಒಂದೊಂದೇ ಸ್ಟಾಪ್ ಇಳಿಸುತ್ತಾ ಐದು ಫೋಟೋ ತೆಗೆಯಿರಿ. ಹಿಂದಿನ ಚೊಂಬು ನಿಧಾನಕ್ಕೆ ಮೂಡಿ ಬರುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಆ ಅಧ್ಯಾಯ ಮುಗಿದ ಹಾಗೆ.

ಮೂರು ತಿಂಗಳ ಮೇಲೆ ಮತ್ತೆ ಹತ್ತು ಕೆಟ್ಟ ಫೋಟೋ ಆರಿಸಿ, ಗುಂಪು ಮಾಡಿ. ಎರಡನೇ ಪುಸ್ತಕ ಬೇಕೋ ಬೇಡವೋ, ಬೇಕಾದರೆ ಯಾವುದು ಅಂತ ಆ ಗುಂಪೇ ಹೇಳುತ್ತದೆ. ಯುಗಾದಿಗೆ ಊರಿಗೆ ಬಂದಾಗ ಅಕ್ಕನ ಮಗ ತನ್ನ ಹೊಸ ಹತ್ತನ್ನು ತೋರಿಸಿದ. ಅಲುಗಾಡಿದ್ದು ಒಂದೂ ಇಲ್ಲ. ಪಂಚೆಗಳು ಬೆಳ್ಳಗಿವೆ. ಏಳು ಫೋಟೋಗಳಲ್ಲಿ ಯಾರದೋ ತಲೆಯಿಂದ ಕಂಬ, ತೆಂಗಿನ ಮರ, ಒಂದರಲ್ಲಿ ಡಿಶ್ ಆಂಟೆನಾ ಎದ್ದಿದೆ. ಈಗ ಮೂರನೇ ಜಾತಿಯ ಪುಸ್ತಕ ಹುಡುಕುತ್ತಿದ್ದಾನೆ.